ಬಕೆಟ್ಟಿನ ಟೊಮ್ಯಾಟೊ: ಸಂತೆಗಲ್ಲ, ಕಲಿಕೆಗೆ



ಮಣ್ಣಿಲ್ಲದೆ, ಮನೆಯೊಳಗೆ, ಬರೀ ನೀರಿನಲ್ಲಿ ಟೊಮ್ಯಾಟೊ ಬೆಳೆಯಬಹುದೆಂಬ ಮಾತನ್ನು ಈಗ ಕೇಳದವರು ವಿರಳ. ಕೃಷಿ ಮೇಳಗಳಲ್ಲಿ ಬಿಳಿಯ ಕೊಳವೆಗಳ ಮೇಲೆ ಸಾಲಾಗಿ ನಿಂತ ಹಸಿರು ಗಿಡಗಳನ್ನು ನೀವೂ ನೋಡಿರುತ್ತೀರಿ. ಕಳೆ ಇಲ್ಲ, ಉಳುಮೆ ಇಲ್ಲ, ನೀರು ಅಲ್ಪ, ಇಳುವರಿ ಅಪಾರ ಎಂದು ಅಲ್ಲಿ ನಿಂತವರು ವಿವರಿಸುತ್ತಾರೆ. ಸಾಲಕ್ಕೆ ಬ್ಯಾಂಕು ತೋರಿಸುತ್ತೇವೆ, ಬೆಳೆದುದನ್ನು ನಾವೇ ಕೊಳ್ಳುತ್ತೇವೆ ಎನ್ನುವವರೂ ಉಂಟು. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆ ಬಾವಿಯ ಒಡೆಯನಿಗೆ ಈ ಮಾತು ಅಮೃತದಂತೆ ಕೇಳುವುದು ಸಹಜವೇ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮಣ್ಣಿಲ್ಲದ ಬೇಸಾಯದ ಒಂದು ಚಿಕ್ಕ ಘಟಕ ಟೊಮ್ಯಾಟೊ ಬೆಳೆಯುವ ಪ್ರತಿಯೊಬ್ಬ ರೈತನ ಮನೆಯಲ್ಲೂ ಇರಬೇಕು. ಆದರೆ ಅದು ನಾಲ್ಕು ಬಕೆಟ್ಟಿನ ಘಟಕವಾಗಿರಬೇಕು. ಅದರಿಂದ ನಿಮಗೆ ಸಿಗಬೇಕಾದುದು ಹಣವಲ್ಲ, ತಿಳಿವಳಿಕೆ. ಆ ತಿಳಿವಳಿಕೆಯನ್ನು ಹೊಲಕ್ಕೆ ಒಯ್ದರೆ ಹಣ ಅಲ್ಲಿ ಉಳಿಯುತ್ತದೆ. ಇದನ್ನು ತಿರುವುಮುರುವು ಮಾಡಿ, ಹೊಲವನ್ನು ಒತ್ತೆಯಿಟ್ಟು ಕೊಳವೆಗಳನ್ನು ತಂದರೆ ಎರಡನ್ನೂ ಕಳೆದುಕೊಳ್ಳುವ ಭಯವಿದೆ. ಏಕೆ ಹೀಗೆ ಎಂಬುದನ್ನು ಲೆಕ್ಕ ಸಮೇತ ನಿಮ್ಮ ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಹೊಸ ಹೆಸರು, ಹಳೆಯ ವಿದ್ಯೆ

ಗಿಡಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಅದು ಮಣ್ಣಿಲ್ಲದೆಯೂ ಬೆಳೆಯುತ್ತದೆಂಬುದನ್ನು ಜರ್ಮನಿಯ ವಿಜ್ಞಾನಿಗಳಾದ ಸ್ಯಾಕ್ಸ್ ಮತ್ತು ನಾಪ್ 1860ರ ದಶಕದಲ್ಲೇ ತೋರಿಸಿಕೊಟ್ಟರು. ಅವರ ಉದ್ದೇಶ ಮಾರಾಟವಾಗಿರಲಿಲ್ಲ. ಗಿಡಕ್ಕೆ ಯಾವ ಯಾವ ಧಾತುಗಳು ಅವಶ್ಯ ಎಂಬುದನ್ನು ಕಂಡುಹಿಡಿಯುವುದಾಗಿತ್ತು. ಒಂದೊಂದು ಲವಣವನ್ನು ಬಿಟ್ಟು ನೋಡಿದರು. ಗಿಡ ಹೇಗೆ ಸೊರಗುತ್ತದೆಂದು ಬರೆದಿಟ್ಟರು. ಇಂದು ನಾವು ಸಾರಜನಕ, ರಂಜಕ, ಪೊಟ್ಯಾಷ್ ಎಂದು ಲೆಕ್ಕ ಹಾಕಿ ಗೊಬ್ಬರ ಕೊಡುತ್ತೇವಲ್ಲ, ಆ ಜ್ಞಾನದ ಬಹುಭಾಗ ಹುಟ್ಟಿದ್ದು ಇಂಥ ಸೀಸೆಗಳಲ್ಲಿಯೇ.

ಇದನ್ನು ಬೆಳೆ ತೆಗೆಯುವ ಪದ್ಧತಿಯಾಗಿ ಪ್ರಚಾರ ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ. 1929ರಿಂದ ಅವರು ತೊಟ್ಟಿಗಳಲ್ಲಿ ಟೊಮ್ಯಾಟೊ ಬೆಳೆಸಿ, 25 ಅಡಿ ಎತ್ತರದ ಬಳ್ಳಿಗಳನ್ನು ತೋರಿಸಿ ಜನರನ್ನು ಬೆರಗುಗೊಳಿಸಿದರು. ‘ಹೈಡ್ರೊಪೋನಿಕ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು 1937ರಲ್ಲಿ. ಗ್ರೀಕ್ ಮೂಲದ ಆ ಪದಕ್ಕೆ ‘ನೀರಿನ ದುಡಿಮೆ’ ಎಂದರ್ಥ. ಪತ್ರಿಕೆಗಳು ಹೊಲಗದ್ದೆಗಳ ಕಾಲ ಮುಗಿಯಿತೆಂದು ಬರೆದವು. ಆಗ ಅದೇ ವಿಶ್ವವಿದ್ಯಾನಿಲಯದ ಹೋಗ್‌ಲ್ಯಾಂಡ್ ಮತ್ತು ಆರ್ನನ್ ಎಂಬಿಬ್ಬರು ವಿಷಯವನ್ನು ಕೂಲಂಕಷವಾಗಿ ಪರೀಕ್ಷಿಸಿ 1938ರಲ್ಲಿ ಒಂದು ಕಿರುಹೊತ್ತಗೆ ಹೊರತಂದರು. ನೀರಿನಲ್ಲಿ ಬೆಳೆದ ಗಿಡ ಒಳ್ಳೆಯ ಮಣ್ಣಿನಲ್ಲಿ ಬೆಳೆದ ಗಿಡಕ್ಕಿಂತ ತಾನಾಗಿಯೇ ಹೆಚ್ಚಿನ ಇಳುವರಿ ಕೊಡುವುದಿಲ್ಲ ಎಂಬುದು ಅವರ ತೀರ್ಮಾನದ ಸಾರ. ಬೆಳಕು, ಉಷ್ಣತೆ, ಗಿಡಗಳ ಅಂತರ ಒಂದೇ ಆಗಿದ್ದರೆ ಫಲವೂ ಹೆಚ್ಚು ಕಡಿಮೆ ಒಂದೇ. ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದರೂ ಈ ಮಾತು ಸುಳ್ಳಾಗಿಲ್ಲ. ಆದರೆ ಮೇಳದ ಮಳಿಗೆಗಳಲ್ಲಿ ಇದು ಕಿವಿಗೆ ಬೀಳುವುದಿಲ್ಲ.

ನಮ್ಮ ದೇಶಕ್ಕೂ ಇದು ಹೊಸತಲ್ಲ. 1946ರಲ್ಲಿ ಶೋಲ್ಟೊ ಡಗ್ಲಾಸ್ ಎಂಬ ಇಂಗ್ಲಿಷ್ ವಿಜ್ಞಾನಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ನಡೆಸಿ, ಪಂಪು ವಿದ್ಯುತ್ತು ಯಾವುದೂ ಬೇಡದ, ಜಲ್ಲಿ ಮರಳು ತುಂಬಿದ ತೊಟ್ಟಿಗಳ ಪದ್ಧತಿಯೊಂದನ್ನು ರೂಪಿಸಿದರು. ಅದಕ್ಕೆ ‘ಬಂಗಾಳ ಪದ್ಧತಿ’ ಎಂದೇ ಹೆಸರಾಯಿತು. ಅಷ್ಟೇಕೆ, ನೀವು ನರ್ಸರಿಯಿಂದ ತರುವ ಟ್ರೇ ಸಸಿಗಳೂ ತೆಂಗಿನ ನಾರಿನ ಹುಡಿಯಲ್ಲಿ ಬೆಳೆದವೇ. ಅಲ್ಲಿಯೂ ಮಣ್ಣಿಲ್ಲ. ಮಣ್ಣಿಲ್ಲದ ಬೇಸಾಯದ ಲಾಭಕರ ಭಾಗವನ್ನು ನೀವು ಹೆಸರು ಕೇಳದೆಯೇ ಅಳವಡಿಸಿಕೊಂಡಿದ್ದೀರಿ.

ಕೋಣೆಯೊಳಗೆ ಬೆಳಕಿನ ಲೆಕ್ಕ

ಟೊಮ್ಯಾಟೊ ಬಿಸಿಲಿನ ಗಿಡ. ಸೊಪ್ಪು ಬೆಳೆದಂತೆ ಅರೆನೆರಳಿನಲ್ಲಿ ಅದನ್ನು ಬೆಳೆಯಲಾಗದು. ಬಯಲಿನಲ್ಲಿ ನಡುಹಗಲು ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಕೋಣೆಯ ಕಿಟಕಿಯ ಪಕ್ಕದಲ್ಲಿ ಅದು ಕೆಲವು ಸಾವಿರಕ್ಕೆ ಇಳಿಯುತ್ತದೆ. ಕೋಣೆಯ ನಡುವೆ ಕೆಲವು ನೂರಕ್ಕೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಅನ್ನಿಸುತ್ತದೆ. ಗಿಡಕ್ಕೆ ಅದು ಅಮಾವಾಸ್ಯೆಯ ಊಟ. ಅಂಥ ಕಡೆ ಟೊಮ್ಯಾಟೊ ಸಣಕಲಾಗಿ ಎತ್ತರಕ್ಕೆ ಬೆಳೆಯುತ್ತದೆ, ಹೂ ಉದುರಿಸುತ್ತದೆ, ಕಾಯಿ ಕಟ್ಟುವುದಿಲ್ಲ.

ಹಾಗಾದರೆ ದೀಪ ಹಾಕೋಣವೆಂದರೆ ಲೆಕ್ಕ ಹೀಗಾಗುತ್ತದೆ. ಒಳ್ಳೆಯ ಎಲ್.ಇ.ಡಿ. ದೀಪವನ್ನೇ ಬಳಸಿದರೂ ಟೊಮ್ಯಾಟೊ ಕಾಯಿ ಕಟ್ಟುವಷ್ಟು ಬೆಳಕಿಗೆ ಒಂದು ಚದರ ಮೀಟರಿಗೆ ದಿನಕ್ಕೆ 2 ಯೂನಿಟ್ಟಿಗಿಂತ ಕಡಿಮೆ ಸಾಲದು. 120 ದಿನಗಳಿಗೆ 240 ಯೂನಿಟ್ಟು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1,680 ರೂಪಾಯಿ. ಆ ಜಾಗದಲ್ಲಿ ಎರಡು ಗಿಡ ಬೆಳೆಸಿ, ಚೆನ್ನಾಗಿ ನೋಡಿಕೊಂಡು 10 ಕಿಲೋ ಹಣ್ಣು ಕಿತ್ತರೂ, ಕಿಲೋ ಒಂದಕ್ಕೆ ಬರೀ ದೀಪದ ಖರ್ಚು 168 ರೂಪಾಯಿ. 15 ಕಿಲೋ ಬಾಕ್ಸಿಗೆ 2,520 ರೂಪಾಯಿ. ಬಿತ್ತನೆ, ಲವಣ, ಸಲಕರಣೆ, ಕೂಲಿ ಇವೆಲ್ಲ ಬೇರೆ. ನಿಮ್ಮ ಮೀಟರಿನ ದರ ಹಾಕಿ ನೀವೇ ಗುಣಿಸಿ ನೋಡಿರಿ.

2023ರ ಜುಲೈ ತಿಂಗಳು ನಿಮಗೆಲ್ಲ ನೆನಪಿರುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ರೈತರು ಹೊಲಕ್ಕೆ ರಾತ್ರಿ ಕಾವಲು ಹಾಕಿದ ದಿನಗಳವು. ಅಂಥ ಅಪರೂಪದ ಬೆಲೆಯಲ್ಲೂ ದೀಪದ ಟೊಮ್ಯಾಟೊ ಬೆಳೆದವನ ಕೈಗೆ ಉಳಿಯುವುದು ಅನುಮಾನ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆಲೆ ನೆಲ ಕಚ್ಚಿತು. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿಯುವ ದಿನಗಳನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಅಂಥ ದಿನ ದೀಪದ ಬಿಲ್ಲನ್ನು ಎಲ್ಲಿಂದ ತರುವುದು?

ದೂರದ ದೇಶಗಳ ಅನುಭವ

ನೆದರ್ಲೆಂಡ್ಸ್ ದೇಶದ ಗಾಜಿನ ಮನೆಗಳಲ್ಲಿ ಟೊಮ್ಯಾಟೊವನ್ನು ಬಹುಮಟ್ಟಿಗೆ ಮಣ್ಣಿಲ್ಲದೆಯೇ ಬೆಳೆಯುತ್ತಾರೆ. ಚದರ ಮೀಟರಿಗೆ 50 ಕಿಲೋಗಿಂತ ಹೆಚ್ಚು ಹಣ್ಣು ಕೀಳುತ್ತಾರೆ. ಇದು ನಿಜ, ಮೆಚ್ಚತಕ್ಕದ್ದೇ. ಆದರೆ ಅದು ನೀರಿನ ಮಹಿಮೆಯೊಂದೇ ಅಲ್ಲ. ಅಲ್ಲಿ ವರ್ಷದ ಬಹುಕಾಲ ಒಂದೇ ಬಳ್ಳಿ ಹಣ್ಣು ಕೊಡುತ್ತದೆ. ಚಳಿಗಾಲದಲ್ಲಿ ಅನಿಲ ಉರಿಸಿ ಕಾವು ಕೊಡುತ್ತಾರೆ, ಒಳಗಿನ ಗಾಳಿಗೆ ಇಂಗಾಲಾಮ್ಲವನ್ನು ಸೇರಿಸುತ್ತಾರೆ, ಹೂವಿನ ಪರಾಗಸ್ಪರ್ಶಕ್ಕೆ ದುಂಬಿಗೂಡು ಇಡುತ್ತಾರೆ. 2022ರಲ್ಲಿ ಯುರೋಪಿನಲ್ಲಿ ಅನಿಲದ ಬೆಲೆ ಏರಿದಾಗ ಅಲ್ಲಿನ ಅನೇಕ ಬೆಳೆಗಾರರು ಚಳಿಗಾಲದ ನಾಟಿಯನ್ನು ಮುಂದೂಡಬೇಕಾಯಿತು.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಆ್ಯಪ್‌ಹಾರ್ವೆಸ್ಟ್ ಎಂಬ ಸಂಸ್ಥೆ 60 ಎಕರೆಯ ಒಂದೇ ಗಾಜಿನ ಮನೆ ಕಟ್ಟಿ, ಮಳೆನೀರು ಹಿಡಿದು, ಮಣ್ಣಿಲ್ಲದೆ ಟೊಮ್ಯಾಟೊ ಬೆಳೆಯಿತು. ಅದಕ್ಕೆ ಬಂಡವಾಳದ ಕೊರತೆ ಇರಲಿಲ್ಲ, ಓದಿದ ತಜ್ಞರ ಕೊರತೆಯೂ ಇರಲಿಲ್ಲ. 2023ರ ಜುಲೈನಲ್ಲಿ, ಅಂದರೆ ಕೋಲಾರದಲ್ಲಿ ಬಾಕ್ಸು 2,000 ದಾಟಿದ ಅದೇ ತಿಂಗಳಲ್ಲಿ, ಅದು ದಿವಾಳಿಯ ಅರ್ಜಿ ಹಾಕಿತು. ದೊಡ್ಡವರು ಬಿದ್ದರೆಂದು ನಾವು ಹಿಗ್ಗಬೇಕಾಗಿಲ್ಲ. ಆದರೆ ಅಷ್ಟು ಬಲವುಳ್ಳವರಿಗೇ ಕಷ್ಟವಾದ ಲೆಕ್ಕವನ್ನು ಎರಡು ಎಕರೆಯ ರೈತ ಸಾಲದ ಹಣದಿಂದ ಸರಿದೂಗಿಸುತ್ತೇನೆಂದು ಹೊರಡುವ ಮುನ್ನ ಹತ್ತು ಸಲ ಯೋಚಿಸುವುದು ಒಳಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಇದು ಬೇಡವೇ?

ಖಂಡಿತ ಬೇಕು. ಮಣ್ಣು ನಮಗೆ ಎಷ್ಟೊಂದು ಕೆಲಸ ಮಾಡಿಕೊಡುತ್ತದೆ ಎಂಬುದು ಮಣ್ಣನ್ನು ಬಿಟ್ಟು ಬೆಳೆದು ನೋಡಿದಾಗಲೇ ತಿಳಿಯುವುದು. ಹೊಲದಲ್ಲಿ ನೀವು ಯೂರಿಯಾ ಹಾಕುತ್ತೀರಿ. ಅದನ್ನು ಗಿಡ ಹೀರುವ ರೂಪಕ್ಕೆ ತರುವವು ಮಣ್ಣಿನ ಸೂಕ್ಷ್ಮಜೀವಿಗಳು. ನೀರು ಒಂದು ದಿನ ತಪ್ಪಿದರೆ ಮಣ್ಣು ತನ್ನಲ್ಲಿ ಹಿಡಿದಿಟ್ಟುದನ್ನು ಕೊಡುತ್ತದೆ. ಗೊಬ್ಬರ ಹೆಚ್ಚಾದರೆ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ. ಈ ಕೆಲಸಕ್ಕೆಲ್ಲ ಮಣ್ಣು ಕೂಲಿ ಕೇಳುವುದಿಲ್ಲ. ಬಕೆಟ್ಟಿನಲ್ಲಿ ಇದಷ್ಟನ್ನೂ ನೀವೇ ಮಾಡಬೇಕು. ತಪ್ಪು ಮಾಡಿದರೆ ಹೊಲದಲ್ಲಿ ತಿಂಗಳ ನಂತರ ಕಾಣುವುದು ಬಕೆಟ್ಟಿನಲ್ಲಿ ಕೆಲವೇ ದಿನಗಳಲ್ಲಿ ಕಾಣುತ್ತದೆ. ಆದುದರಿಂದಲೇ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎನ್ನುತ್ತೇನೆ.

ನಾಲ್ಕು ಬಕೆಟ್ಟಿನ ಘಟಕ

ಜಾಗ: ಕೋಣೆ ಬೇಡ. ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೀಳುವ ಜಗಲಿ ಅಥವಾ ತಾರಸಿ ಆರಿಸಿಕೊಳ್ಳಿ. ಮೇಲೆ ಮಳೆ ತಡೆಯಲು ಪಾರದರ್ಶಕ ಹಾಳೆ, ಸುತ್ತ ಬಿಳಿನೊಣ ನುಸುಳದಂಥ ಒತ್ತು ನೇಯ್ಗೆಯ ಬಲೆ ಇದ್ದರೆ ಸಾಕು. ಎಲೆ ಮುದುರು ನಂಜುರೋಗವನ್ನು ತರುವುದು ಆ ನೊಣವೇ.

ಪಾತ್ರೆ: 15ರಿಂದ 20 ಲೀಟರಿನ ಹಳೆಯ ಪೇಂಟ್ ಬಕೆಟ್ಟುಗಳನ್ನು ಚೆನ್ನಾಗಿ ತೊಳೆದು ಬಳಸಬಹುದು. ಬೆಳಕು ಒಳಹೋಗುವ ತೆಳು ಡಬ್ಬಗಳು ಬೇಡ, ಪಾಚಿ ಕಟ್ಟುತ್ತದೆ. ತಳದಿಂದ ಎರಡು ಅಂಗುಲ ಮೇಲೆ, ಪಕ್ಕದಲ್ಲಿ ಒಂದು ತೂತು ಕೊರೆದು ಚಿಕ್ಕ ಕೊಳವೆ ಸಿಕ್ಕಿಸಿ. ತಳದಲ್ಲಿ ಸ್ವಲ್ಪ ದ್ರಾವಣ ಉಳಿಯುತ್ತದೆ, ಹೆಚ್ಚಾದುದು ಹೊರಗೆ ಹರಿದು ಕೆಳಗಿಟ್ಟ ಡಬ್ಬಕ್ಕೆ ಬೀಳುತ್ತದೆ.

ಬೇರಿಗೆ ಆಸರೆ: ಬೇರನ್ನು ಬರೀ ನೀರಿನಲ್ಲಿ ಇಳಿಬಿಡುವ ಪದ್ಧತಿಗೆ ಹಗಲಿರುಳು ಗಾಳಿ ಊದುವ ಪಂಪು ಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾಗಿದ್ದಾಗ ವಿದ್ಯುತ್ತು ಕೆಲವು ಗಂಟೆ ಹೋದರೂ ಬೇರು ಉಸಿರು ಕಟ್ಟಿ ಕೊಳೆಯಲು ಮೊದಲಾಗುತ್ತದೆ. ಹಳ್ಳಿಗೆ ತಕ್ಕದ್ದು ತೆಂಗಿನ ನಾರಿನ ಹುಡಿ. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಇದು ನಾರಿನ ಕಾರ್ಖಾನೆಗಳ ಉಪಉತ್ಪನ್ನ. 5 ಕಿಲೋದ ಒಂದು ಒತ್ತಿದ ಇಟ್ಟಿಗೆ ನೆನೆಸಿದರೆ ಸುಮಾರು 60ರಿಂದ 70 ಲೀಟರಾಗುತ್ತದೆ. ನಾಲ್ಕು ಬಕೆಟ್ಟಿಗೆ ಅಷ್ಟೇ ಬೇಕು. ಹುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದೇ ತುಂಬತಕ್ಕದ್ದು.

ನೀರು: ಎಲ್ಲಕ್ಕಿಂತ ಮುಖ್ಯವಾದುದು ಇದು. ಕೋಲಾರ, ಚಿಕ್ಕಬಳ್ಳಾಪುರದ ಅನೇಕ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಲವಣಾಂಶ ಹೆಚ್ಚು. ಬೈಕಾರ್ಬೊನೇಟ್ ಹೆಚ್ಚಿದ್ದರೆ ರಸಸಾರ 8ರ ಹತ್ತಿರಕ್ಕೆ ಏರಿ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಆದುದರಿಂದ ಮಾಡಿನ ಮಳೆನೀರು ಶ್ರೇಷ್ಠ. ಅದಿಲ್ಲದಿದ್ದರೆ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ದ್ರಾವಣದ ರಸಸಾರ 5.5ರಿಂದ 6.5ರೊಳಗೆ ಇರಬೇಕು. ಏರಿದ್ದರೆ ರಂಜಕಾಮ್ಲವನ್ನು ಹನಿ ಹನಿಯಾಗಿ ಬೆರೆಸಿ ಇಳಿಸಬೇಕು. ಆಮ್ಲವನ್ನು ನೀರಿಗೆ ಹಾಕತಕ್ಕದ್ದು. ನೀರನ್ನು ಆಮ್ಲಕ್ಕೆ ಎಂದಿಗೂ ಹಾಕಬಾರದು.

ಲವಣಗಳ ದ್ರಾವಣ

100 ಲೀಟರು ಒಳ್ಳೆಯ ನೀರಿಗೆ ಈ ಪ್ರಮಾಣ ಹೊಂದುತ್ತದೆ:

ಕ್ಯಾಲ್ಸಿಯಂ ನೈಟ್ರೇಟ್ – 80 ಗ್ರಾಂ
ಪೊಟ್ಯಾಸಿಯಂ ನೈಟ್ರೇಟ್ (13:0:45) – 40 ಗ್ರಾಂ
ಮಾನೊ ಪೊಟ್ಯಾಸಿಯಂ ಫಾಸ್ಫೇಟ್ (0:52:34) – 20 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ – 45 ಗ್ರಾಂ
ಕೀಲೇಟ್ ರೂಪದ ಕಬ್ಬಿಣ – 2 ಗ್ರಾಂ
ಇತರ ಲಘು ಪೋಷಕಾಂಶಗಳ ಮಿಶ್ರಣ – ಪೊಟ್ಟಣದ ಮೇಲೆ ಹೇಳಿದಷ್ಟು

ಇದರಲ್ಲಿ ಲೀಟರಿಗೆ ಸುಮಾರು 175 ಮಿಲಿಗ್ರಾಂ ಸಾರಜನಕ, 45 ರಂಜಕ, 205 ಪೊಟ್ಯಾಸಿಯಂ, 150 ಸುಣ್ಣದಂಶ, 44 ಮೆಗ್ನೀಸಿಯಂ ದೊರೆಯುತ್ತದೆ. ಸಸಿ ನೆಟ್ಟ ಮೊದಲ ಎರಡು ವಾರ ಅರ್ಧ ಬಲದ ದ್ರಾವಣ ಸಾಕು. ಕಾಯಿ ದಪ್ಪವಾಗುವ ಕಾಲಕ್ಕೆ 10 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್ ಸೇರಿಸಬಹುದು. ಇವೆಲ್ಲ ದ್ರಾಕ್ಷಿ, ಗುಲಾಬಿ ಬೆಳೆಗಾರರು ಹನಿ ನೀರಾವರಿಯಲ್ಲಿ ಬಳಸುವ ಗೊಬ್ಬರಗಳೇ. ನಾಲ್ಕಾರು ಮನೆಯವರು ಸೇರಿ ಕೊಂಡು ಹಂಚಿಕೊಂಡರೆ ಖರ್ಚು ಹಗುರ.

ಒಂದು ಎಚ್ಚರಿಕೆ. ಕ್ಯಾಲ್ಸಿಯಂ ನೈಟ್ರೇಟನ್ನು ಒಂದು ಪಾತ್ರೆಯಲ್ಲಿಯೂ ಉಳಿದವುಗಳನ್ನು ಇನ್ನೊಂದರಲ್ಲಿಯೂ ಕರಗಿಸಿಕೊಳ್ಳಬೇಕು. ಡ್ರಮ್ಮಿಗೆ ಮುಕ್ಕಾಲು ಭಾಗ ನೀರು ತುಂಬಿ, ಒಂದನ್ನು ಸುರಿದು ಚೆನ್ನಾಗಿ ಕಲಕಿ, ಆಮೇಲೆ ಮತ್ತೊಂದನ್ನು ಸುರಿಯಬೇಕು. ಗಟ್ಟಿ ದ್ರಾವಣಗಳನ್ನೇ ಒಟ್ಟಿಗೆ ಬೆರೆಸಿದರೆ ಸುಣ್ಣದಂಶವು ಗಂಧಕ, ರಂಜಕಗಳೊಡನೆ ಕೂಡಿ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ. ಹಣ ಕೊಟ್ಟ ಗೊಬ್ಬರ ಗಿಡಕ್ಕೆ ಸಿಗುವುದಿಲ್ಲ. ಹನಿ ನೀರಾವರಿಯ ತೊಟ್ಟಿಯಲ್ಲೂ ಇದೇ ಆಗುತ್ತದೆ. ಹನಿಕೆ ಕಟ್ಟಿಕೊಳ್ಳುವ ಕಾರಣಗಳಲ್ಲಿ ಇದೂ ಒಂದೆಂಬುದನ್ನು ನೆನಪಿಡಿ.

ಯೂರಿಯಾ, ಡಿ.ಎ.ಪಿ., ಗಂಜಲ, ಜೀವಾಮೃತ ಇಲ್ಲಿ ಸಲ್ಲವು. ಹೊಲದಲ್ಲಿ ಅವನ್ನು ಪಚನ ಮಾಡುವ ಜೀವರಾಶಿಯಿದೆ. ಬಕೆಟ್ಟಿನಲ್ಲಿ ಅದು ಅಷ್ಟಾಗಿ ಇಲ್ಲದ ಕಾರಣ ಅವು ಕೊಳೆತು ಬೇರಿನ ಉಸಿರನ್ನೇ ಕಸಿಯುತ್ತವೆ.

ಗಿಡದ ಆರೈಕೆ

25ರಿಂದ 30 ದಿನಗಳ ಟ್ರೇ ಸಸಿಯನ್ನು ಬಕೆಟ್ಟಿಗೊಂದರಂತೆ ನೆಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುರು ನಂಜು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಈ ಮೂರನ್ನೂ ತಡೆಯಬಲ್ಲದು. ಮನೆ ಬಳಕೆಗೆ ಚೆರ್ರಿ ಟೊಮ್ಯಾಟೊ ಸಹ ಒಗ್ಗುತ್ತದೆ. ಹುರಿ ಕಟ್ಟಿ ಮೇಲಕ್ಕೆ ಹಬ್ಬಿಸಿ, ಎಲೆಯ ಕಂಕುಳಲ್ಲಿ ಬರುವ ಚಿಗುರುಗಳನ್ನು ಚಿವುಟಿ ಒಂದೆರಡು ಕಾಂಡಗಳನ್ನಷ್ಟೇ ಉಳಿಸಿ.

ದ್ರಾವಣವನ್ನು ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಕೊಟ್ಟುದರಲ್ಲಿ ಹತ್ತರಿಂದ ಇಪ್ಪತ್ತರಷ್ಟು ಪಾಲು ಹೊರಗೆ ಬರುವಂತಿರಲಿ. ಹೀಗೆ ಬಂದುದನ್ನು ಬಾಳೆಗೋ ಕರಿಬೇವಿಗೋ ಹಾಕಿ, ಚೆಲ್ಲಬೇಡಿ.

ಬಲೆಯೊಳಗೆ ಗಾಳಿ ದುಂಬಿಗಳ ಸಂಚಾರ ಕಡಿಮೆ. ಹೂ ಅರಳಿದ ದಿನಗಳಲ್ಲಿ ಬೆಳಗಿನ 10 ಗಂಟೆಯ ನಂತರ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಟ್ಟುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗವೇ ಕೆಡುವುದರಿಂದ ರಾಯಚೂರು, ಕಲಬುರಗಿ ಕಡೆಯವರು ಮಾರ್ಚಿಯಿಂದ ಮೇವರೆಗೆ ಹೂ ಬರುವಂತೆ ನಾಟಿ ಮಾಡದಿರುವುದು ಲೇಸು.

ಗಿಡ ಕಲಿಸುವ ಪಾಠಗಳು

ಮೊದಲನೆಯದು ನೀರಿನ ಪಾಠ. ಕೊಟ್ಟ ದ್ರಾವಣವೆಷ್ಟು, ಹೊರಬಂದುದೆಷ್ಟು ಎಂದು ದಿನವೂ ಅಳೆದು ಪುಸ್ತಕದಲ್ಲಿ ಬರೆಯಿರಿ. ಇವೆರಡರ ವ್ಯತ್ಯಾಸವೇ ಗಿಡ ಕುಡಿದ ನೀರು. ತುಂಬು ಬೆಳೆದ ಗಿಡ ಬಿಸಿಲಿನ ದಿನ 2 ಲೀಟರಿನ ಆಸುಪಾಸು ಕುಡಿಯುವುದನ್ನು ಕಾಣುವಿರಿ. ಈಗ ನಿಮ್ಮ ಹೊಲಕ್ಕೆ ಬನ್ನಿ. ಗಂಟೆಗೆ 4 ಲೀಟರು ಬಿಡುವ ಹನಿಕೆಯನ್ನು 2 ಗಂಟೆ ತೆರೆದಿಟ್ಟರೆ ಗಿಡಕ್ಕೆ 8 ಲೀಟರು ಬಿದ್ದಂತಾಯಿತು. ಬಯಲಿನ ಗಾಳಿ ಬಿಸಿಲಿಗೆ ಗಿಡ ಇನ್ನೂ ಸ್ವಲ್ಪ ಹೆಚ್ಚು ಕುಡಿದೀತು. ನಾಲ್ಕು ಪಟ್ಟು ಕುಡಿಯದು. ಉಳಿದ ನೀರು ಬೇರಿನ ಕೆಳಗೆ ಇಳಿದು ಹೋಗುತ್ತದೆ, ಜೊತೆಗೆ ನಿಮ್ಮ ಗೊಬ್ಬರವನ್ನೂ ಒಯ್ಯುತ್ತದೆ. ಬತ್ತುತ್ತಿರುವ ಕೊಳವೆ ಬಾವಿಗೆ ಈ ಒಂದು ಲೆಕ್ಕ ನೂರು ಉಪದೇಶಗಳಿಗಿಂತ ಮೇಲು.

ಎರಡನೆಯದು ಹಸಿವಿನ ಪಾಠ. ಸ್ಯಾಕ್ಸ್ ಮತ್ತು ನಾಪ್ ಮಾಡಿದ ಪ್ರಯೋಗವನ್ನು ನೀವೂ ಮಾಡಬಹುದು. ಒಂದು ಬಕೆಟ್ಟಿಗೆ ಮೆಗ್ನೀಸಿಯಂ ಸಲ್ಫೇಟ್ ಇಲ್ಲದ ದ್ರಾವಣ ಕೊಡಿ. ಕೆಳಗಿನ ಎಲೆಗಳ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾಗುತ್ತದೆ. ಇನ್ನೊಂದಕ್ಕೆ ಕಬ್ಬಿಣ ಬಿಟ್ಟುಬಿಡಿ. ತುದಿಯ ಎಳೆಯ ಎಲೆಗಳು ಹಳದಿಯಾಗುತ್ತವೆ. ಮೂರನೆಯದಕ್ಕೆ ಎಲ್ಲ ಕೊಟ್ಟರೂ ನೀರನ್ನು ಒಂದು ದಿನ ಕೊಟ್ಟು ಒಂದು ದಿನ ತಪ್ಪಿಸಿ. ಕಾಯಿಯ ತುದಿ ಕಪ್ಪಾಗಿ ಕೊಳೆಯುವ ಸಂಭವ ಹೆಚ್ಚು. ಅದು ರೋಗವಲ್ಲ, ಸುಣ್ಣದಂಶ ಕಾಯಿಗೆ ತಲಪದ ದೋಷ. ನಾಲ್ಕನೆಯ ಬಕೆಟ್ಟನ್ನು ಹೋಲಿಕೆಗೆಂದು ಸರಿಯಾಗಿ ನೋಡಿಕೊಳ್ಳಿ. ಒಂದು ಸಲ ಕಣ್ಣಿಂದ ಕಂಡ ಮೇಲೆ ಹೊಲದ ಎಲೆಯನ್ನು ಕಿತ್ತು ಅಂಗಡಿಗೆ ಹೋಗಿ, ಅವರು ಕೊಟ್ಟ ಮೂರು ಸೀಸೆ ಔಷಧಿ ತರುವ ಪಾಡು ತಪ್ಪುತ್ತದೆ. ಶಾಲೆಗೆ ಹೋಗುವ ಮಕ್ಕಳನ್ನೂ ಇದರಲ್ಲಿ ತೊಡಗಿಸಿರಿ. ಪುಸ್ತಕ ಬರೆಯುವ ಕೆಲಸ ಅವರಿಗಿರಲಿ.

ಮೂರನೆಯದು ಬೇರಿನ ಪಾಠ. ಬೆಳೆ ಮುಗಿದ ಮೇಲೆ ಬಕೆಟ್ಟನ್ನು ಬೋರಲು ಹಾಕಿ ಬೇರನ್ನು ನೋಡಿ. ಬಿಳಿಯಾಗಿ ಹರಡಿದ ಆ ಬೇರನ್ನು ಹೊಲದಲ್ಲಿ ಕಿತ್ತ ಗಿಡದ ಬೇರಿನೊಂದಿಗೆ ಹೋಲಿಸಿರಿ. ಹೊಲದ ಬೇರು ಕಂದಾಗಿ ಗಂಟು ಕಟ್ಟಿದ್ದರೆ ಜಂತುಹುಳು, ಕಾಂಡ ಕತ್ತರಿಸಿ ನೀರಿನಲ್ಲಿ ಅದ್ದಿದಾಗ ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ಎಂದು ತಿಳಿಯಿರಿ. ಮಣ್ಣಿನ ಈ ರೋಗಗಳಿಗಾಗಿ ಮಣ್ಣನ್ನೇ ಬಿಡಬೇಕೆಂದಿಲ್ಲ. ಬೆಳೆ ಪರಿವರ್ತನೆ, ನಿರೋಧಕ ತಳಿ, ಬದನೆ ಬೇರುಗಿಡದ ಮೇಲೆ ಕಸಿ ಮಾಡಿದ ಸಸಿ ಇವು ಅಗ್ಗದ ದಾರಿಗಳು.

ಮರೆಯಬಾರದ ಎಚ್ಚರಿಕೆಗಳು

ದ್ರಾವಣದ ಡ್ರಮ್ಮು, ಹೊರಬಂದ ದ್ರಾವಣದ ಡಬ್ಬ ಸದಾ ಮುಚ್ಚಿರಲಿ. ತೆರೆದ ನೀರಿನಲ್ಲಿ ಡೆಂಗೆ ಹರಡುವ ಸೊಳ್ಳೆ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ದ್ರಾವಣವನ್ನು ದನಕರು ಕುಡಿಯದಂತೆ ನೋಡಿಕೊಳ್ಳಿ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನೈಟ್ರೇಟು ವಿಷಕಾರಿ ರೂಪಕ್ಕೆ ತಿರುಗಿ, ರಕ್ತ ಪ್ರಾಣವಾಯುವನ್ನು ಒಯ್ಯದಂತಾಗುತ್ತದೆ. ಲವಣದ ಪೊಟ್ಟಣಗಳು ಅಡಿಗೆ ಉಪ್ಪಿನಂತೆಯೇ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ, ಹೆಸರು ಬರೆದು ಬೇರೆ ಇಡತಕ್ಕದ್ದು.

ಮಾರಲು ಬಂದವರನ್ನು ಕೇಳಿರಿ

ದೊಡ್ಡ ಪ್ರಮಾಣದ ಮಣ್ಣಿಲ್ಲದ ಬೇಸಾಯ ಯಾರಿಗೂ ಸಲ್ಲದು ಎಂಬುದು ನನ್ನ ವಾದವಲ್ಲ. ನಗರದ ಹತ್ತಿರ, ನಂಬಿಕಸ್ತ ಗಿರಾಕಿಗಳು ಮೊದಲೇ ಇದ್ದು, ಹೋದರೂ ಮನೆ ಮುಳುಗದಂಥ ಸ್ವಂತ ಬಂಡವಾಳವಿದ್ದವರು ಸೊಪ್ಪನ್ನೋ ಚೆರ್ರಿ ಟೊಮ್ಯಾಟೊವನ್ನೋ ಬೆಳೆದು ಲಾಭ ಮಾಡಬಹುದು. ಆದರೆ ಘಟಕ ಮಾರಲು ಯಾರಾದರೂ ನಿಮ್ಮ ಮನೆಗೆ ಬಂದರೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

1. ಕಳೆದ ವರ್ಷ ನಿಮ್ಮ ಆದಾಯದಲ್ಲಿ ಹಣ್ಣು ಮಾರಿ ಬಂದುದೆಷ್ಟು, ಘಟಕ ಮಾರಿ ಬಂದುದೆಷ್ಟು? ಹಣ್ಣಿನ ಬಿಲ್ಲುಗಳನ್ನು ತೋರಿಸುವಿರಾ?
2. ನನ್ನ ಬಾವಿಯ ನೀರನ್ನು ಪರೀಕ್ಷೆ ಮಾಡಿದ್ದೀರಾ?
3. ವಿದ್ಯುತ್ತು ಒಂದು ಇಡೀ ದಿನ ಇಲ್ಲದಿದ್ದರೆ ಗಿಡದ ಗತಿಯೇನು?
4. ಮರುಖರೀದಿಯ ಬೆಲೆ ಎಷ್ಟು? ಮಾರುಕಟ್ಟೆಯಲ್ಲಿ ಬಾಕ್ಸು 100 ರೂಪಾಯಿಗೆ ಇಳಿದ ದಿನವೂ ಅದೇ ಬೆಲೆ ಕೊಡುವಿರಾ? ಕೊಡದಿದ್ದರೆ ಯಾವ ಊರಿನ ನ್ಯಾಯಾಲಯಕ್ಕೆ ನಾನು ಹೋಗಬೇಕು?
5. ಮೂರು ವರ್ಷಗಳಿಂದ ಇದನ್ನು ನಡೆಸುತ್ತಿರುವ, ನಿಮ್ಮ ಬಂಧುವಲ್ಲದ ಒಬ್ಬ ರೈತನ ಊರಿಗೆ ನನ್ನನ್ನು ಕರೆದೊಯ್ಯುವಿರಾ?

ಈ ಐದಕ್ಕೂ ನೇರ ಉತ್ತರ ಸಿಕ್ಕಿದರೆ ಮುಂದಿನ ಮಾತು. ಸಿಗದಿದ್ದರೆ ಚಹಾ ಕೊಟ್ಟು ಕಳುಹಿಸಿರಿ.

ನಾಲ್ಕು ಬಕೆಟ್ಟನ್ನು ಒಂದು ಹಂಗಾಮು ನಡೆಸಿದ ರೈತನಿಗೆ ಈ ಪ್ರಶ್ನೆಗಳನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಗಿಡ ಎಷ್ಟು ಕುಡಿಯುತ್ತದೆ, ಎಷ್ಟು ತಿನ್ನುತ್ತದೆ, ಎಷ್ಟು ಬಿಸಿಲು ಬೇಡುತ್ತದೆ ಎಂಬುದನ್ನು ತನ್ನ ಕೈಯಿಂದ ಅಳೆದವನನ್ನು ಮರುಳುಮಾಡುವುದು ಸುಲಭವಲ್ಲ. ಅಂಥವನು ನಾಳೆ ದೊಡ್ಡ ಘಟಕಕ್ಕೆ ಕೈ ಹಾಕಿದರೂ ತಿಳಿದೇ ಹಾಕುತ್ತಾನೆ. ಬೇಡವೆಂದರೂ ತಿಳಿದೇ ಬೇಡವೆನ್ನುತ್ತಾನೆ.

ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ನೀರಿನ ಪರೀಕ್ಷೆಯ ಬಗ್ಗೆ ವಿಚಾರಿಸಿರಿ. ನೀವು ಬರೆದಿಟ್ಟ ಪುಸ್ತಕವನ್ನು ಅಲ್ಲಿಗೆ ಒಯ್ದು ವಿಜ್ಞಾನಿಗಳ ಮುಂದಿಡಿ. ನಾಟಿಗೆ ಇನ್ನೂ ತಿಂಗಳಿದೆ ಎನ್ನುವಾಗಲೇ ನಾಲ್ಕು ಹಳೆಯ ಬಕೆಟ್ಟುಗಳನ್ನು ತೊಳೆದು ಬಿಸಿಲಿಗಿಡಿ. ಮುಂದಿನ ಹಂಗಾಮಿನಲ್ಲಿ ಹನಿಕೆಯ ಗೇಟ್‌ವಾಲ್ವ್ ತಿರುಗಿಸುವಾಗ ನಿಮ್ಮ ಕೈಗೆ ಲೆಕ್ಕ ಗೊತ್ತಿರುತ್ತದೆ.